ಎಣಿಕೆಗೆ ಸಿಗದ ಹಿಂಡು

ಮೊಣಕಾಲು ನೋವಿಗೆ ಸೋತು ಕುರಿಗಳನ್ನೆಲ್ಲ ಮಾರಿದ ಮೇಲೆ ಮಾವನವರಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಮಕ್ತಲ್‌ನ ನಮ್ಮ ಮನೆಯ ಅಂಗಳದಲ್ಲಿ ಬೆಳಗಿನಿಂದ ಅವರ ಬಡಿಗೆಯ ಟಕಟಕ. ಊಟಕ್ಕೆ ಕರೆದರೆ ಎರಡು ತುತ್ತು ತಿಂದು ಮತ್ತೆ ಎದ್ದುಬಿಡುವರು. ನೋಡಿ ನೋಡಿ ಸೊಸೆಯಾದ ನನಗೂ ತಲೆ ಕೆಡುತ್ತಿತ್ತು. ಈ ಮನುಷ್ಯ ಹೀಗೇ ಸವೆದುಹೋಗುತ್ತಾರೇನೋ ಎಂದು ಭಯವೂ ಆಗುತ್ತಿತ್ತು.

ಹಿತ್ತಲಲ್ಲಿ ಒಂದು ಡ್ರಮ್ಮನ್ನು ಅರ್ಧಕ್ಕೆ ಕೊಯ್ದು ನಾನು ಎರೆಹುಳು ಸಾಕಿದ್ದೆ. ಮಣ್ಣು ನನ್ನ ಬದನೆ ಗಿಡಗಳಿಗೆ, ಹುಳು ನನ್ನ ಮನೆಯವರ ಮೀನಿನ ಗಾಳಕ್ಕೆ. ಭಾನುವಾರ ಬಂತೆಂದರೆ ಅವರು ಕೃಷ್ಣಾ ನದಿಯ ದಂಡೆಯಲ್ಲೇ. ಒಂದು ದಿನ ತಡೆಯಲಾರದೆ ಮಾವನವರಿಗೆ ಅಂದೆ, "ಮಾವಾ, ಸುಮ್ನ ತಿರುಗೂದಕ್ಕಿಂತ ಈ ಹುಳಾನರ ನೋಡ್ಕೊಳ್ರಿ."

"ಹುಳಾ ಕಾಯೂದಾ? ಥೂ!" ಎಂದರು.

ಮರುದಿನ ನೋಡಿದರೆ ಡ್ರಮ್ಮಿನ ಪಕ್ಕದಲ್ಲೇ ಕೂತಿದ್ದಾರೆ! ಗೋಣಿಚೀಲ ಎತ್ತುವುದು, ನೀರು ಚಿಮುಕಿಸುವುದು, ಮತ್ತೆ ಮುಚ್ಚುವುದು. ಊಟವನ್ನೂ ಅಲ್ಲಿಗೇ ತರಿಸಿಕೊಂಡರು. ಸದ್ಯ, ಗೆದ್ದೆ ಅಂದುಕೊಂಡೆ.

ಪ್ರೀತಿ ಹೆಚ್ಚಾಯಿತು ನೋಡಿ, ಅದೇ ಎಡವಟ್ಟಾಯಿತು. ನೆಂಟರ ಹಟ್ಟಿಯಿಂದ ಬುಟ್ಟಿ ತುಂಬ ಹಸಿ ಕುರಿಹಿಕ್ಕೆ ತರಿಸಿ ಡ್ರಮ್ಮಿಗೆ ಸುರಿದರು. ಅದಕ್ಕಿಂತ ಒಳ್ಳೆಯ ಗೊಬ್ಬರ ಲೋಕದಲ್ಲಿಲ್ಲ ಎಂದು ನಂಬಿದ ಮನೆತನ ನಮ್ಮದು. ಒಳಗೊಳಗೇ ಅದು ಕಾವೇರಿತು. ಬೆಳಿಗ್ಗೆ ಹೋದರೆ ಹುಳುಗಳು ಅಂಚು ಹತ್ತಿ ಹೊರಗೆ ಬಿದ್ದಿವೆ, ಕೆಲವು ಆಗಲೇ ಒಣಗಿವೆ. ಒಳಗೆ ಕೈಯಿಟ್ಟೆ, ಒಲೆಯ ಬೂದಿಯ ಹಾಗೆ ಬಿಸಿ. ನನಗೆ ಮೈಯೆಲ್ಲ ಉರಿಯಿತು.

"ಯಾರು ಹೇಳಿದ್ರು ನಿಮಗ ಇದನ್ನ ಹಾಕಾಕ?"

ಅವರು ತಲೆ ಎತ್ತಲಿಲ್ಲ. "ಇವನ್ನೂ ಕಾಯಾಕ ಆಗಲಿಲ್ಲಲ್ಲವಾ ನನಗ" ಎಂದರು.

ನನ್ನ ಸಿಟ್ಟು ಜರ್ರನೆ ಇಳಿಯಿತು. ಬೇವಿನ ನೆರಳಿಗೆ ಒದ್ದೆ ಗೋಣಿಚೀಲ ಹಾಸಿ, ಗಿಡಗಳ ಬುಡದ ತಣ್ಣನೆಯ ಮಣ್ಣು ತಂದು ಸುರಿದೆ. ಮಾವನವರು ಬಡಿಗೆ ಬದಿಗಿಟ್ಟು, ನರಳುತ್ತಾ ನೆಲಕ್ಕೆ ಕೂತರು. ಇಬ್ಬರೂ ಬದುಕಿದ್ದ ಹುಳುಗಳನ್ನು ಆರಿಸಿ ಆ ಮಣ್ಣಿಗೆ ಬಿಟ್ಟೆವು.

"ಎಷ್ಟು ಉಳದಾವ ಮಾವಾ?" ಎಂದೆ, ಸುಮ್ಮನೆ ಮಾತಿಗೆ.

"ಎಣಿಸಬ್ಯಾಡವಾ. ಕುರಿ ಮಾರಿದಮ್ಯಾಲೂ ದಿನಾ ಸಂಜಿಗೆ ಬಾಗಲದಾಗ ನಿಂತು ಎಣಿಸಾಕ ಹೋಗ್ತೀನಿ. ಒಂದೂ ಬರಂಗಿಲ್ಲ. ಇವು ಎಣಿಕಿಗೇ ಸಿಗಂಗಿಲ್ಲ, ಚಲೋ ಅದಾವ."

ಭಾನುವಾರ ಮನೆಯವರು ಹುಳು ತುಂಬಿಕೊಳ್ಳಲು ಡಬ್ಬಿ ಹಿಡಿದು ಹಿತ್ತಲಿಗೆ ಹೊರಟರು. "ಗಾಳಕ್ಕ ಹಿಟ್ಟಿನ ಉಂಡಿ ಕಟ್ಕೊಂಡು ಹೋಗ್ರಿ" ಎಂದು ನಾನೇ ಹಿತ್ತಲ ಬಾಗಿಲಿಗೆ ಅಡ್ಡ ನಿಂತೆ.