ಅಕ್ಷತೆಗೆ ಯಾವ ಕಾಳು?

ನನ್ನ ಮಗಳ ಮದುವೆ ಮುಹೂರ್ತದ ಹೊತ್ತಿಗೆ ನಿಂತುಹೋಗುವುದರಲ್ಲಿತ್ತು. ಉಡುಗೊರೆಗಲ್ಲ, ಊಟಕ್ಕಲ್ಲ. ಜೋಳಕ್ಕೆ.

ನಮ್ಮ ಗದಗ ಕಡೆ ಅಕ್ಷತೆ ಎಂದರೆ ಬಣ್ಣ ಹಚ್ಚಿದ ಬಿಳಿಜೋಳ. (ಹೆಸರು ಮಾತ್ರ ‘ಅಕ್ಕಿಕಾಳು’. ಯಾಕೆಂದು ಯಾರೂ ಕೇಳಿಲ್ಲ.) ಮೊಮ್ಮಗಳ ಮದುವೆಗೆಂದು ನನ್ನ ಅವ್ವ ಹೊಂಬಳದಿಂದ ಹೊಸ ಜೋಳ ತರಿಸಿ, ಕನ್ನಡಕ ಏರಿಸಿಕೊಂಡು ಕೂತು, ಒಡೆದ ಕಾಳನ್ನೆಲ್ಲ ಆರಿಸಿ ತೆಗೆದಿದ್ದಳು. ಒಡೆದದ್ದು ಹುಡುಗಿಯ ತಲೆಯ ಮೇಲೆ ಬೀಳಬಾರದಂತೆ. ಸಹಾಯಕ್ಕೆ ಹೋದ ನನಗೆ, “ನಿನಗ ಕಣ್ಣು ಕಾಣ್ಸಂಗಿಲ್ಲ, ಏಳಲೇ” ಎಂದು ಬೈದಳು.

ಲಕ್ಷ್ಮೇಶ್ವರದ ಕಲ್ಯಾಣ ಮಂಟಪ. ಬೀಗರು ಮೈಸೂರು ಕಡೆಯವರು. ವರನ ದೊಡ್ಡಪ್ಪ ರಿಟೈರ್ಡ್ ಲೆಕ್ಚರರ್. ಶಾಸ್ತ್ರದ ಪುಸ್ತಕವನ್ನು ಬ್ಯಾಗಿನಲ್ಲೇ ಇಟ್ಟುಕೊಂಡು ತಿರುಗುವವರು. ಅವ್ವನ ಬುಟ್ಟಿಯಲ್ಲಿ ಇಣುಕಿ, “ಇದೇನು, ಜೋಳ? ಶಾಸ್ತ್ರದಲ್ಲಿ ಅಕ್ಕಿ ಅಂತಿದೆ. ಜೋಳ ಹಾಕಿದರೆ ಮದುವೆ ಆದ ಹಾಗೇ ಅಲ್ಲ” ಎಂದರು.

ಅವ್ವ ಬುಟ್ಟಿಗೆ ಬಟ್ಟೆ ಮುಚ್ಚಿದಳು. “ಆತು ಬಿಡ್ರಿ. ಹುಡುಗಿಗೆ ಚಲೋ ಆದ್ರ ಸಾಕು” ಎಂದು ಬುಟ್ಟಿ ಎತ್ತಿಕೊಂಡು ಮೂಲೆಯ ಕುರ್ಚಿಯಲ್ಲಿ ಹೋಗಿ ಕುಳಿತಳು. ನನಗೆ ಸಂಕಟವಾಯಿತು, ಸಿಟ್ಟೂ ಬಂತು. ಆದರೆ ಹೆಣ್ಣಿನ ಅಪ್ಪ ಬೀಗರೆದುರು ಬಾಯಿ ಮಾಡಲಿಕ್ಕಾಗುತ್ತದೆಯೇ? ನೀವೇ ಹೇಳಿ.

ಬಾಯಿ ಮಾಡಬಾರದು, ಓದಬಹುದಲ್ಲ? ಪುಸ್ತಕ ಕೇಳಿ ಇಸಿದುಕೊಂಡೆ. ಮೇಲೆ ಸಂಸ್ಕೃತ: ಅಕ್ಷತ. ಕೆಳಗೆ ಕನ್ನಡ: ಅಕ್ಕಿ. ಅದರ ಕೆಳಗೆ ಇರುವೆ ಗಾತ್ರದ ಅಕ್ಷರದಲ್ಲಿ ಟಿಪ್ಪಣಿ: ಅಕ್ಷತ ಎಂದರೆ ಒಡೆಯದ್ದು, ಪ್ರಾಚೀನರಿಗೆ ಅದು ಇಡೀ ಜವೆಗೋಧಿ. ಅನುವಾದಕರು ಅನ್ನದ ಸೀಮೆಯವರಿರಬೇಕು. ಋಷಿಗಳಿಗೂ ಅನ್ನವನ್ನೇ ಬಡಿಸಿದ್ದಾರೆ. (ನಾವಾಗಿದ್ದರೆ ರೊಟ್ಟಿ ಬಡಿಸುತ್ತಿದ್ದೆವು. ಅದು ಬೇರೆ ಮಾತು.)

ಟಿಪ್ಪಣಿಯನ್ನು ಜೋರಾಗಿ ಓದಿದೆ. ದೊಡ್ಡಪ್ಪ ಸಿಟ್ಟಾಗಲಿಲ್ಲ. ತತ್ವನಿಷ್ಠರು ನೋಡಿ. “ಹಾಗಾದರೆ ಅಕ್ಕಿಯೂ ಬೇಡ. ಜವೆಗೋಧಿ ತರಿಸಿ” ಎಂದುಬಿಟ್ಟರು!

ತೋಡಿದ ಹಳ್ಳಕ್ಕೆ ನಾನೇ ಬಿದ್ದೆ. ಸ್ಕೂಟರ್ ಹತ್ತಿ ಬಜಾರಿಗೆ ಓಡಿದೆ. ಕಿರಾಣಿ ಅಂಗಡಿಯ ಖಾದರಸಾಬರು ಜವೆಗೋಧಿಯ ಪ್ಯಾಕೆಟ್ ಕೊಡುತ್ತ, “ಯಾರಿಗ್ರೀ ಕಿಡ್ನಿ ಸ್ಟೋನು?” ಎಂದು ಕಳಕಳಿಯಿಂದ ಕೇಳಿದರು.

“ಮದುವಿಗ್ರಿ.”

“ಅಯ್ಯ, ಮದುಮಗಗ ಇಷ್ಟ ಜಲ್ದಿ ಆತೇನ್ರಿ?”

ಮಂಟಪಕ್ಕೆ ತಂದು ಬಿಚ್ಚಿದರೆ ಎಲ್ಲ ನುಚ್ಚು! ಕುದಿಸಿ ನೀರು ಕುಡಿಯುವವರಿಗೆಂದು ಒಡೆದು ಮಾರುವ ಸರಕು. ಒಡೆದದ್ದು ಅಕ್ಷತೆಯಲ್ಲ ಎಂದು ಪುಸ್ತಕವೇ ಹೇಳಿದೆ. ಅಕ್ಕಿಯನ್ನು ದೊಡ್ಡಪ್ಪನವರೇ ತಳ್ಳಿಹಾಕಿದ್ದಾರೆ. ಪುರೋಹಿತರು ವಾಚ್ ನೋಡಿಕೊಂಡು, “ಲಗೂ ಮಾಡ್ರಿ, ಮುಹೂರ್ತ ಮೀರತೈತಿ” ಎಂದು ಕೂಗುತ್ತಿದ್ದಾರೆ. ಜವೆ ತಂದವನು ನಾನು, ಬೈಸಿಕೊಂಡವನೂ ನಾನೇ.

ದೊಡ್ಡಪ್ಪ ಸುತ್ತ ನೋಡಿದರು. ಆಮೇಲೆ ನಿಧಾನವಾಗಿ ಮೂಲೆಯ ಕುರ್ಚಿಯ ಹತ್ತಿರ ಹೋದರು.

“ಅಮ್ಮಾ, ನಿಮ್ಮ ಜೋಳವೇ ಆಗಲಿ.”

ಅವ್ವ ಬುಟ್ಟಿಯ ಬಟ್ಟೆ ಸರಿಸಿ ಮುಷ್ಟಿ ತುಂಬ ಜೋಳ ತೆಗೆದಳು. ದೊಡ್ಡಪ್ಪನವರ ಬಲಗೈಯಲ್ಲಿ ಪುಸ್ತಕವಿತ್ತು. ಎಡಗೈ ಒಡ್ಡಿದರು.

“ಎಡಗೈಲೆ ಇಸ್ಕೋಬಾರದ್ರೀ” ಎಂದಳು ಅವ್ವ. “ಶಾಸ್ತ್ರ ಐತಿ.”

ದೊಡ್ಡಪ್ಪ ಪುಸ್ತಕ ಕೆಳಗಿಟ್ಟರು.