ಆರತಿಯ ನಡುವೆ ರಮ್ಮಿ

ದಾಂಡೇಲಿಯಲ್ಲಿ ನಮ್ಮ ಮೇಲಿನ ಮನೆಯ ಬಾಡಿಗೆದಾರರು ಮೊಬೈಲ್ ಆ್ಯಪ್ ಮಾಡಿ ಹೊಟ್ಟೆ ಹೊರೆಯುತ್ತಿದ್ದರು. ಒಬ್ಬರೇ ಗಂಡಸು, ಮದುವೆಯಾಗಿರಲಿಲ್ಲ. ನಮ್ಮ ಭಜನಾ ಮಂಡಳಿಗೂ ಒಂದು ಆ್ಯಪ್ ಮಾಡಿಕೊಟ್ಟರು. ಒತ್ತಿದರೆ ಹಾಡಿನ ಸಾಲೂ ಬರುತ್ತಿತ್ತು, ಶ್ರುತಿಯೂ ಬರುತ್ತಿತ್ತು. ಶುಕ್ರವಾರಕ್ಕೊಂದು ಹೊಸ ಹಾಡು ಸೇರಿಸಿರೆಂದರೆ ಕನ್ನಡಕವನ್ನು ಬನಿಯನ್ನಿಗೆ ಒರೆಸುತ್ತ, “ಇದೂ ದುಡಿಮೀನ ಅಲ್ಲೇನ್ರಿ ವೈನಿ?” ಎನ್ನುತ್ತಿದ್ದರು.

“ಮೊಬೈಲ್‌ನ್ಯಾಗ ಎಲ್ಲಾ ಪುಕ್ಕಟ ಇರ್ತೈತಲ್ರಿ,” ಎಂದು ನಾವು ಕುಪ್ಪಸಕ್ಕಾಗುವ ಜಂಪರ್ ಪೀಸ್ ಕೊಟ್ಟು ಕಳಿಸುತ್ತಿದ್ದೆವು. ಅವರ ಕಿಟಕಿಗಳಿಗೆ ಅವೇ ಪರದೆಯಾಗಿದ್ದವು.

ಒಂದು ಶುಕ್ರವಾರ ಮಂಗಳಾರತಿಯ ನಡುವೆ ಫೋನಿನೊಳಗಿನ ಹೆಣ್ಣುದನಿ, “ರಮ್ಮಿ ಆಡಿ, ಗೆಲ್ಲಿ,” ಎಂದಿತು. ಮಂಡಳಿಯ ಹಿರಿಯ ಹೆಂಗಸು ಕಾಕು, ಪ್ರಸಾದಕ್ಕೆಂದು ಬಂದು ಕೂತಿದ್ದ ಬಾಡಿಗೆದಾರರತ್ತ ತಿರುಗಿದರು. “ದೇವಿ ಮುಂದ ಇಸ್ಪೀಟೇನ್ರಿ?”

“ನೀವು ರೊಕ್ಕ ಕೊಡಲಿಲ್ಲ ಕಾಕೂ, ಜಾಹೀರಾತಿಗೆ ರಮ್ಮಿಯವರು ಕೊಟ್ರು. ಇಲ್ಲಾಂದ್ರ ಆ್ಯಪ್ ಬಂದ್ ಮಾಡ್ಬೇಕಾಗಿತ್ತು.”

ಪೂಜೆಗೆ ಬಂದಿದ್ದ ಭಟ್ಟರು ತಮ್ಮ ದಕ್ಷಿಣೆಯನ್ನು ಮೆಲ್ಲಗೆ ಕಿಸೆಗಿಳಿಸಿದರು. ಕಾಕು ಅದನ್ನು ನೋಡಿದರು. ಆಮೇಲೆ ಎಲೆ ಅಡಿಕೆಯ ಮೇಲೆ ಭಟ್ಟರಿಗೆ ಕೊಟ್ಟಷ್ಟೇ ನೋಟಿಟ್ಟು ಬಾಡಿಗೆದಾರರ ಮುಂದೆ ಹಿಡಿದರು. “ತಿಂಗಳಾ ತಿಂಗಳಾ ಕೊಡ್ತೇವಿ. ಆಕಿ ಬಾಯಿ ಮುಚ್ಚಸ್ರಿ.”

ದೇವಿಯ ದಯೆ, ಮುಂದಿನ ಆರತಿ ರಮ್ಮಿಯಿಲ್ಲದೆ ಮುಗಿಯಿತು. ರೂಢಿ ಬಿಡಲಾಗದೆ ನಾನು ಜಂಪರ್ ಪೀಸೂ ಕೊಡಹೋದೆ.

ಅವರು ಕನ್ನಡಕ ಒರೆಸುತ್ತ, “ಬ್ಯಾಡ್ರಿ ವೈನಿ, ಕಿಡಕಿ ಮುಗದಾವು,” ಎಂದರು.