ಒಳಗಿನ ಕೋಣೆಯ ಬಾಡಿಗೆ

ನನ್ನ ಸೋದರತ್ತೆಯ ಬೆರಳ ತುದಿಗಳಲ್ಲಿ ಗೆರೆಗಳಿರಲಿಲ್ಲ, ಬರೀ ಬಿರುಕುಗಳಿದ್ದವು. ಬೂದಿ, ಹುಣಸೆಹಣ್ಣು, ತೆಂಗಿನ ನಾರು ಸೇರಿ ಗೆರೆಗಳನ್ನೆಲ್ಲ ತಿಕ್ಕಿ ತೆಗೆದಿದ್ದವು. ತಲೆಗೆ ಎಣ್ಣೆ ಹಚ್ಚಿದರೆ ಕೂದಲು ಆ ಬಿರುಕಿಗೆ ಸಿಕ್ಕಿಕೊಳ್ಳುತ್ತಿತ್ತು.

ಹತ್ತೊಂಬತ್ತಕ್ಕೇ ಗಂಡನನ್ನು ಕಳೆದುಕೊಂಡು, ಆನೇಕಲ್ ಹತ್ತಿರದ ನಮ್ಮೂರಿಗೆ, ಅಣ್ಣನ ಮನೆಗೆ ವಾಪಸು ಬಂದವಳು ಅವಳು. ಆ ಅಣ್ಣನೇ ನನ್ನ ಅಪ್ಪ. ಎಂಟು ವರ್ಷ ನಮ್ಮ ಪಾತ್ರೆ ತಿಕ್ಕಿದಳು, ಕೊಟ್ಟಿಗೆ ಬಾಚಿದಳು, ನಮ್ಮನ್ನೆಲ್ಲ ಎತ್ತಿ ಆಡಿಸಿದಳು. ಒಂದು ದಿನ ಟ್ರಂಕು ಹಿಡಿದು ಪೀಣ್ಯಕ್ಕೆ ಹೋಗಿ, ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆಗೆ ಸೇರಿಕೊಂಡಳು. ದಾಸರಹಳ್ಳಿಯಲ್ಲಿ ಎರಡು ಕೋಣೆಯ ಹೆಂಚಿನ ಮನೆ ಬಾಡಿಗೆಗೆ ಹಿಡಿದಳು.

ಎಪ್ಪತ್ತರ ದಶಕದ ಕೊನೆಯಲ್ಲಿ, ಎಸ್ಸೆಸ್ಸೆಲ್ಸಿ ಮುಗಿಸಿದ ನನಗೆ ಪೀಣ್ಯದಲ್ಲೇ ಮೋಟಾರಿಗೆ ತಾಮ್ರದ ತಂತಿ ಸುತ್ತುವ ಕೆಲಸ ಹುಡುಕಿಕೊಟ್ಟವಳೂ ಅವಳೇ. ಅವಳ ಮನೆಯಲ್ಲೇ ಇರುವುದೆಂದಾಯಿತು. ಮೊದಲ ಸಂಬಳದ ದಿನ ಊಟ ಬಡಿಸಿ, ಎದುರಿಗೆ ಕೂತು ಹೇಳಿದಳು:

“ತಿಂಗಳಿಗೆ ಎಪ್ಪತ್ತು ರೂಪಾಯಿ ಕೊಡ್ಬೇಕು ಕಣೆ, ಊಟನೂ ಸೇರಿ. ಒಳಗಿನ ಕೋಣೆ ನಿಂದು.”

ಕೊಟ್ಟೆ, ಒಂದು ವಾರ ಮುಖ ಊದಿಸಿಕೊಂಡಿದ್ದೆ. ಸುದ್ದಿ ಊರು ಮುಟ್ಟಿತು. ಅಣ್ಣನ ಮಗಳ ತಟ್ಟೆಗೂ ರೇಟು ಕಟ್ಟಿದ್ದಾಳೆಂದು ನೆಂಟರು ಆಡಿಕೊಂಡರು. ಅಪ್ಪ ಅವಳ ಜೊತೆ ಮಾತು ಬಿಟ್ಟ.

ಅವಳು ತಲೆ ಕೆಡಿಸಿಕೊಳ್ಳಲಿಲ್ಲ. ನನ್ನ ಕೋಣೆಗೆ ಕೂಗದೆ ಕಾಲಿಡುತ್ತಿರಲಿಲ್ಲ. ನೆಂಟರು ಬಂದರೆ, “ನಿನ್ನ ಕೋಣೇಲಿ ಮಲಗಿಸ್ಲಾ?” ಎಂದು ನನ್ನನ್ನು ಕೇಳುತ್ತಿದ್ದಳು. ಸಾರು ಸಪ್ಪೆಯಾಗಿದ್ದರೂ ನಾನು ಸುಮ್ಮನೆ ಉಂಡರೆ ರೇಗುತ್ತಿದ್ದಳು. “ಉಪ್ಪು ಕಮ್ಮಿ ಅನ್ನೋಕೇನು ದಾಡಿ? ದುಡ್ಡು ಕೊಡ್ತೀಯ ತಾನೆ?”

ಎರಡನೇ ವರ್ಷ ನಮ್ಮ ಕಾರ್ಖಾನೆಗೆ ಬೀಗ ಬಿತ್ತು. ಎರಡು ತಿಂಗಳು ಅವಳಿಗೆ ಏನೂ ಕೊಡಲಾಗಲಿಲ್ಲ. ನಾಚಿಕೆಯಾಗಿ ಒಂದು ಬೆಳಿಗ್ಗೆ ಬಚ್ಚಲ ಮುಂದೆ ಪಾತ್ರೆಯ ರಾಶಿ ಹಾಕಿಕೊಂಡು ಕೂತೆ. ಅವಳು ಬಂದು ನನ್ನ ಕೈಯಿಂದ ನಾರು ಕಿತ್ತುಕೊಂಡಳು.

“ಬಾಕಿ ಇರ್ಲಿ, ಕೆಲ್ಸ ಸಿಕ್ಕಾಗ ಕೊಡು. ಇಂಗೆ ತೀರ್ಸೋಕೆ ಕೂರ್ಬೇಡ. ಬಾಕಿ ಒಂದಿನ ಮುಗೀತದೆ. ಚಾಕರಿ ಮುಗಿಯಾಕಿಲ್ಲ.”

ಬೀಗ ಬಿದ್ದ ಸುದ್ದಿ ತಿಳಿದು ಅಪ್ಪ ಬಂದ. ಅತ್ತಿಬೆಲೆಯ ಕಡೆ ಒಂದು ಗಂಡು ಗೊತ್ತುಮಾಡಿಯೇ ಬಂದಿದ್ದ. ಹೊಸಿಲಲ್ಲೇ ನಿಂತು, “ಬಟ್ಟೆ ಕಟ್ಕೊ. ಕೆಲ್ಸನೂ ಇಲ್ಲ, ಇನ್ಯಾವ ಮುಖ ಇಟ್ಕಂಡು ಇಲ್ಲಿ ಕುಂತಿದೀಯ?” ಎಂದ. ಆಮೇಲೆ ತಂಗಿಯ ಕಡೆ ತಿರುಗಿ, “ಕಳ್ಸು ಇವಳ್ನ” ಎಂದ.

“ನಾನೇನು ಇಟ್ಕಂಡಿಲ್ಲ ಅಣ್ಣ. ದುಡ್ಡು ಕೊಟ್ಟು ಅವಳೇ ಇದಾಳೆ. ಅವಳ್ನೇ ಕೇಳು.”

ಅಪ್ಪನಿಗೆ ಕೆಂಡದಂಥ ಕೋಪ ಬಂತು. “ಎಂಟು ವರ್ಷ ನಿನ್ನ ಸಾಕ್ದೆ. ಒಂದು ಕಾಸು ಕೇಳಿದ್ನಾ?”

ಅತ್ತೆ ದನಿ ಏರಿಸಲಿಲ್ಲ. “ಕೇಳಿದ್ರೆ ಚೆಂದಾಗಿತ್ತು ಅಣ್ಣ. ಆಗ ನಾನೂ ನನ್ನ ಕೂಲಿ ಕೇಳ್ತಿದ್ದೆ.”

ಅಪ್ಪ ಗೋಡೆಗೆ ಒರಗಿ ಕೂತುಬಿಟ್ಟ. ನನಗೆ ಎಲ್ಲಿಂದ ಧೈರ್ಯ ಬಂತೋ, “ನಾನು ಬರಲ್ಲಪ್ಪ. ಬೀಗ ತೆಗೀತಾರೆ” ಎಂದೆ.

ಅತ್ತೆ ಮುದ್ದೆ, ಅವರೆಕಾಳಿನ ಸಾರು ಬಡಿಸಿದಳು. ಅಪ್ಪ ಉಂಡೇ ಹೋದ. ಮೆಟ್ಟು ಹಾಕಿಕೊಳ್ಳುತ್ತ ನನ್ನನ್ನು ಮೆಲ್ಲಗೆ ಕೇಳಿದ, “ಎಷ್ಟು ಕೊಡ್ತೀಯ ಇವಳಿಗೆ?”

“ಎಪ್ಪತ್ತು.”

“ಜಾಸ್ತಿ ಆಯ್ತು” ಎಂದ. ಅಡುಗೆಮನೆಯಲ್ಲಿ ಅತ್ತೆ ನಕ್ಕದ್ದು ಕೇಳಿಸಿತು.

ಮರುತಿಂಗಳು ಬೀಗ ತೆಗೆದರು. ಬಾಕಿಯನ್ನೆಲ್ಲ ನಾಲ್ಕು ಕಂತಿನಲ್ಲಿ ಕೊಟ್ಟೆ, ಅವಳು ತೆಗೆದುಕೊಂಡಳು. ನಾನೇ ಒಪ್ಪಿದವನನ್ನು ಮದುವೆಯಾಗುವವರೆಗೆ ಆರು ವರ್ಷ ಅಲ್ಲೇ ಇದ್ದೆ. ಆ ದುಡ್ಡನ್ನು ಕೂಡಿಟ್ಟು ನಿನಗೆ ಸರ ಮಾಡಿಸಿದಳೇ ಎಂದು ಈಗಲೂ ಕೇಳುವವರಿದ್ದಾರೆ. ಇಲ್ಲ. ಅಕ್ಕಿಗೆ, ಸೀಮೆಎಣ್ಣೆಗೆ, ಮನೆ ಬಾಡಿಗೆಗೆ ಖರ್ಚು ಮಾಡಿದಳು. ಹಿಂದಿರುಗಿಸಿದ್ದರೆ ನನಗೆ ನೋವಾಗುತ್ತಿತ್ತು.

ಎಂಬತ್ತರ ದಶಕ ಮುಗಿಯುವ ಮುಂಚೆಯೇ, ಕ್ಯಾಂಟೀನಿಗೆ ಹೊರಟವಳು ಎದೆ ಹಿಡಿದುಕೊಂಡು ಅಂಗಳದಲ್ಲೇ ಕುಸಿದಳು. ಮಣ್ಣು ಮಾಡಿ ಬಂದಾಗ ಅತ್ತೆಯ ಮನೆಯ ಬಾಗಿಲಲ್ಲಿ ಒಬ್ಬ ಹುಡುಗಿ ಅಳುತ್ತ ನಿಂತಿದ್ದಳು. ಕ್ಯಾಂಟೀನಿನಲ್ಲಿ ಅತ್ತೆಯ ಜೊತೆ ಕೆಲಸ ಮಾಡುತ್ತಿದ್ದವಳಂತೆ.

“ಒಳಗಿನ ಕೋಣೇಲಿ ನಾನಿದೀನಿ ಅಕ್ಕ. ಈ ತಿಂಗಳ ದುಡ್ಡೂ ಕೊಟ್ಟಿದೀನಿ” ಎಂದಳು. ಮನೆಯ ಮಾಲೀಕರು ಅವಳಿಗೆ ನಾಳೆಯೇ ಖಾಲಿ ಮಾಡೆಂದಿದ್ದರು.

ನಾನು ಅವರ ಮನೆಗೆ ಹೋಗಿ, ಆ ಎರಡು ಕೋಣೆಯ ಮನೆಯನ್ನು ಅವಳ ಹೆಸರಿಗೇ ಬಾಡಿಗೆಗೆ ಕೊಡಿ ಎಂದೆ. “ಒಂಟಿ ಹೆಣ್ಣಿಗೆ ಎಂಗಮ್ಮ ಕೊಡೋದು?” ಎಂದು ರಾಗ ತೆಗೆದರು.

“ಇಷ್ಟು ವರ್ಷ ನಿಮಗೆ ಒಂದನೇ ತಾರೀಕಿಗೆ ಬಾಡಿಗೆ ತಂದುಕೊಟ್ಟೋರು ಯಾರು ಸಾರ್?” ಎಂದು ಕೇಳಿ, ಅವರು ಹೂಂ ಅನ್ನುವವರೆಗೂ ಜಗಲಿ ಬಿಟ್ಟು ಏಳಲಿಲ್ಲ.